ಮರಳಿನ ಮೇಲಣ ಅಕ್ಷರ

ನಮ್ಮ ನುಡಿಯಲ್ಲಿ ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಹೊಸ್ತಿಲ ಮುಂದೆ ರಂಗವಲ್ಲಿಯನ್ನು ಬರೆಯುವುದೂ ಉಂಟು. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಕೆಲಸಗಳು, ಕನ್ನಡದಲ್ಲಿ ಒಂದೇ ಕ್ರಿಯಾಪದ. ಮಗುವಿನ ಮೊದಲ ಕಲಿಕೆಗೆ ನಾವು ಹೇಳುವುದು 'ಅಕ್ಷರ ತಿದ್ದುವುದು' ಎಂದು. ಗುರು ಬರೆದ ಗೆರೆಯ ಮೇಲೆ ಬೆರಳಾಡಿಸಿ, ಅದು ತನ್ನದಾಗುವವರೆಗೆ ಮತ್ತೆ ಮತ್ತೆ ಬರೆಯುವುದು. ಹಳೆಯ ಕೂಲಿಮಠಗಳ ವಿದ್ಯೆಯೆಲ್ಲ ಬರಿಯ ಬಾಯಿಪಾಠವೆಂದು ಜರೆಯುವವರು ಈ ಬೆರಳನ್ನು ಮರೆತಿದ್ದಾರೆ.

ಅಲ್ಲಿ ಹುಡುಗನ ಮೊದಲ ಪುಸ್ತಕ ನೆಲದ ಮೇಲೆ ಹರಡಿದ ಮರಳು. ಮುಂಗಾರಿನ ಕೊಡಗಿನಲ್ಲಿ ಒಣ ಮರಳೆಲ್ಲಿಯದು ಎಂದು ತಾವು ಕೇಳಬಹುದು. ತಟ್ಟೆಯ ಅಕ್ಕಿ ಇದೆಯಲ್ಲ! ಲೆಕ್ಕಪತ್ರಗಳಿಗೆ ಕಡತ. ಇಂದು ಕಡತವೆಂದರೆ ಕಚೇರಿಯ ಫೈಲು. ಅಂದು ಅದು ಉದ್ದನೆಯ ಅರಿವೆ. ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಒರಸಿ ಮತ್ತೆ ಬರೆಯಬಹುದಾದುದೇ ಇದರ ಹೆಚ್ಚುಗಾರಿಕೆ.

ಮರಳಿನ ಕಥೆ ಮಾತ್ರ ಸಮುದ್ರ ದಾಟಿತು. ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1789ರಿಂದ ಮದರಾಸಿನ ಎಗ್ಮೋರಿನ ಅನಾಥಾಲಯವನ್ನು ನೋಡಿಕೊಳ್ಳುತ್ತಿದ್ದ. ಒಂದು ಮುಂಜಾನೆ ಕುದುರೆಯೇರಿ ಹೋಗುವಾಗ, ನಾಡಶಾಲೆಯೊಂದರ ಮಕ್ಕಳು ನೆಲದಲ್ಲಿ ಕುಳಿತು ಮರಳ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡ. ಹಿಂದಿರುಗಿ ತನ್ನ ಶಾಲೆಯಲ್ಲಿಯೂ ಹಾಗೆಯೇ ಕಲಿಸಿರೆಂದು ಅಪ್ಪಣೆ ಮಾಡಿದ. ಉಪಾಧ್ಯಾಯರು ಒಪ್ಪಲಿಲ್ಲ, ಅದು ಆಗದ ಮಾತೆಂದರು. ಆಗ ಬೆಲ್, ಸಿಪಾಯಿಯೊಬ್ಬನ ಮಗನಾದ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನೇ ಕೆಳ ತರಗತಿಗೆ ಗುರುವಾಗಿ ಕೂರಿಸಿದ. ಹುಡುಗ ಗೆದ್ದ. ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವ 'ಮದರಾಸು ಪದ್ಧತಿ' ಹೀಗೆ ಹುಟ್ಟಿತು. 1797ರಲ್ಲಿ ಲಂಡನ್ನಿನಲ್ಲಿ ಬೆಲ್ಲನ ವರದಿ ಅಚ್ಚಾಯಿತು. ಲ್ಯಾಂಕಾಸ್ಟರನ ಶಾಲೆಗಳಲ್ಲಿಯೂ ಮರಳು ಹರಡಿದ ಮೇಜುಗಳು ಬಂದವು. ಚರಿತ್ರಕಾರರು ಹುಡುಗಗುರುವನ್ನು ನೆನೆಯುವಷ್ಟು ಮರಳನ್ನು ನೆನೆಯುವುದಿಲ್ಲ. ಆದರೆ ಮರಳಿಗಾಗಿಯಲ್ಲವೆ ಆ ಹುಡುಗ ಬೇಕಾದದ್ದು?

ಬರೆದು ತಿಳಿಯುವುದು ಮಕ್ಕಳಿಗಷ್ಟೇ ಮೀಸಲೂ ಅಲ್ಲ. ಇಂಗ್ಲೆಂಡಿನ ಮಕ್ಕಳು ಮರಳ ಮೇಲೆ ತಿದ್ದುತ್ತಿದ್ದ ದಿನಗಳಲ್ಲಿಯೇ, 1815ರಿಂದ 1817ರವರೆಗೆ, ಲಿಂಗರಾಜೇಂದ್ರನ ಆಳ್ವಿಕೆಯಲ್ಲಿ ಲೆಫ್ಟಿನೆಂಟ್ ಕಾನರ್ ಕೊಡಗನ್ನು ಅಳೆದ. ಹೇಳಿಕೆ ಕೇಳಿ ನಾಡನ್ನು ವರ್ಣಿಸಿಬಿಡಬಹುದು. ಪಟ ಬರೆಯಹೊರಟವನಿಗೆ ಆ ಸಲುಗೆಯಿಲ್ಲ. ಯಾವ ಹೊಳೆ ಯಾವ ಬೆಟ್ಟದ ಮಗ್ಗುಲಲ್ಲಿ ಇಳಿಯುತ್ತದೆಂದು ನಿಂತು ನೋಡದೆ ಗೆರೆ ಎಳೆಯುವಂತಿಲ್ಲ. ಅವನ ಬರಹ 1870ರಲ್ಲಿ ಅಚ್ಚಾಯಿತು. ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿದ್ದ ರಿಕ್ಟರರ ಕೊಡಗಿನ ಕೈಪಿಡಿ ಮಂಗಳೂರಿನಿಂದ ಹೊರಬಂದುದೂ ಅದೇ ವರ್ಷ.

ಈಗಿನ ವಿದ್ಯಾರ್ಥಿ ಕರಿಹಲಗೆಯ ಪಾಠವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಎದ್ದುಹೋಗುತ್ತಾನೆ. ಪಾಠ ಯಂತ್ರದೊಳಗೆ ಸೇರಿತು, ಕೈಗೆ ಬರಲಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬರಿದೆ ಬರೆದುಕೊಂಡ ಪದಗಳಿಗಿಂತ ಚಿತ್ರಿಸಿದ ಪದಗಳು ಹೆಚ್ಚು ನೆನಪಿನಲ್ಲಿ ಉಳಿದವು. ಒಂದೊಂದು ಪದಕ್ಕೆ ನಾಲ್ಕೇ ಸೆಕೆಂಡು ಕೊಟ್ಟಾಗಲೂ ಹಾಗೆಯೇ ಆಯಿತು. ಚಿತ್ರ ಅಂದವಾಗಿರಬೇಕೆಂಬ ನಿಯಮವೇನೂ ಅಲ್ಲಿರಲಿಲ್ಲ.