ಯಾರು ಯಾರನ್ನು ಕೇಳಬೇಕು?

ಅಹಮದಾಬಾದಿನ ನವರಂಗಪುರದಲ್ಲಿ, ಆಶ್ರಮ ರಸ್ತೆಯ ಮಗ್ಗುಲಲ್ಲಿ, ಸಾಬರಮತಿಗೆ ಬೆನ್ನುಹಾಕಿ ಒಂದು ಕಾಂಕ್ರೀಟ್ ಕಟ್ಟಡವಿದೆ. ಬಟ್ಟೆ ಗಿರಣಿ ಮಾಲೀಕರ ಸಂಘಕ್ಕಾಗಿ ಲೆ ಕಾರ್ಬೂಸಿಯೆ ರೂಪಿಸಿದ ಇದು 1954ರಲ್ಲಿ ಮುಗಿಯಿತು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ನೋಡಲು ಬರುತ್ತಾರೆ. ಗಿರಣಿಗಳು ಹೆಚ್ಚಾಗಿ ಇದ್ದದ್ದು ನದಿಯ ಆಚೆ ದಡದಲ್ಲಿ. ಅವುಗಳಲ್ಲಿ ಬಹುಪಾಲು ಈಗಿಲ್ಲ. ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂದು ಅವು ಎಬ್ಬಿಸಿದ ಜಗಳ ಮಾತ್ರ ಮುಗಿದಿಲ್ಲ.

ಈ ಜಗಳಕ್ಕೆ ಒಂದು ಮನೆಯ ಕಥೆಯೂ ಇದೆ. ಗಿರಣಿ ಮಾಲೀಕರ ಮನೆಯ ಮಗಳು ಅನಸೂಯಾ ಸಾರಾಭಾಯಿ ಇಂಗ್ಲೆಂಡಿನಿಂದ ಮರಳಿದ ಮೇಲೆ ಒಂದು ಬೆಳಿಗ್ಗೆ, ನಿದ್ದೆಗಣ್ಣಲ್ಲಿ ನಡೆದವರಂತೆ ಸಾಗುತ್ತಿದ್ದ ಕೆಲಸಗಾರ್ತಿಯರನ್ನು ಕಂಡು ಏನಾಯಿತೆಂದು ವಿಚಾರಿಸಿದರು. ಎರಡು ರಾತ್ರಿ, ನಡುವಿನ ಒಂದು ಹಗಲು, ಒಟ್ಟು 36 ಗಂಟೆ ಬಿಡುವಿಲ್ಲದೆ ದುಡಿದು ಅವರು ಮನೆಗೆ ಹೊರಟಿದ್ದರು. ತಾವು ಕಾರ್ಮಿಕರ ಕಡೆ ನಿಲ್ಲಲು ಕಾರಣವಾದದ್ದು ಇದೇ ಎಂದು ಅನಸೂಯಾ ಮುಂದೆ ನೆನೆಸಿಕೊಂಡರು.

ಆಗ ಕಾನೂನು ಇರಲಿಲ್ಲವೆಂದಲ್ಲ. 1891ರ ಕಾರ್ಖಾನೆ ಕಾಯ್ದೆ ಹೆಂಗಸರ ದುಡಿಮೆಗೆ 11 ಗಂಟೆಯ ಮಿತಿ ಹಾಕಿತ್ತು. 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಸರಿಗೂ 12 ಗಂಟೆಯ ಮಿತಿ ತಂದಿತ್ತು. ಕಾಯ್ದೆ ಪುಸ್ತಕದಲ್ಲಿತ್ತು, ಕೇಳುವವರು ಇರಲಿಲ್ಲ. ಒಬ್ಬ ಹೆಂಗಸು ಮುಕಾದಮನ ಎದುರು ನಿಂತು "ಇನ್ನು ಸಾಕು, ಮನೆಗೆ ಹೋಗುತ್ತೇನೆ" ಎಂದರೆ ಮರುದಿನ ಆ ಜಾಗದಲ್ಲಿ ಇನ್ನೊಬ್ಬಳು ಇರುತ್ತಿದ್ದಳು. ನೇಕಾರರಿಗೆ ಇನ್ನೂ ಒಂದು ತೊಡಕಿತ್ತು. ಅವರ ಕೂಲಿ ನೇಯ್ದ ಬಟ್ಟೆಯ ಲೆಕ್ಕದ ಮೇಲೆ. ಗಂಟೆ ಇಳಿದರೆ ಬಟ್ಟೆಯೂ ಕಡಿಮೆ, ಕೈಗೆ ಬರುವ ಕಾಸೂ ಕಡಿಮೆ.

1918ರ ಪ್ರಸಿದ್ಧ ಮುಷ್ಕರ ನಡೆದದ್ದು ಕೂಲಿಗಾಗಿ, ಗಂಟೆಗಾಗಿ ಅಲ್ಲ. ಒಂದು ಕಡೆ ಗಾಂಧಿ ಮತ್ತು ಅನಸೂಯಾ, ಇನ್ನೊಂದು ಕಡೆ ಮಾಲೀಕರ ಮುಂದಾಳಾಗಿ ಅನಸೂಯಾರ ತಮ್ಮ ಅಂಬಾಲಾಲ್. ಗಾಂಧಿಯ ಉಪವಾಸದ ಮಾತೇ ಎಲ್ಲರಿಗೂ ನೆನಪು. ಆದರೆ ನಿಜಕ್ಕೂ ಬಾಳಿದ್ದು ಪಂಚಾಯ್ತಿಯ ಏರ್ಪಾಟು: ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥರ ಮುಂದೆ ಕೂತು ಲೆಕ್ಕ ಹೇಳುವುದು. 1920ರಲ್ಲಿ ಕಾರ್ಮಿಕರ ಸಂಘಗಳು ಸೇರಿ ಮಜೂರ್ ಮಹಾಜನ್ ಆಯಿತು. ಆ ಹೆಸರನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಶಾಸನಗಳಲ್ಲಿ ಮಹಾಜನರೆಂದರೆ ಅಗ್ರಹಾರದ ಬ್ರಾಹ್ಮಣರ ಸಭೆ. ಗುಜರಾತಿನಲ್ಲಿ ಮಹಾಜನವೆಂದರೆ ವರ್ತಕರ ಸಂಘ, ಊರಿನಲ್ಲಿ ಮಾತು ನಡೆಯುವವರ ಕೂಟ. ಆ ಪದವನ್ನು ಕೂಲಿಯವರು ತಮ್ಮದಾಗಿಸಿಕೊಂಡರು.

ಅದೇ 1920ರಲ್ಲಿ ಅಹಮದಾಬಾದಿನ ಗಿರಣಿಗಳ ದಿನ 12 ಗಂಟೆಯಿಂದ 10ಕ್ಕೆ ಇಳಿಯಿತು. ದೇಶದ ಕಾನೂನು 1922ರಲ್ಲಿ 11 ಗಂಟೆಗೆ ಬಂತು, 10ಕ್ಕೆ ಬರಲು 1934 ಆಗಬೇಕಾಯಿತು. ದಿನಕ್ಕೆ 9, ವಾರಕ್ಕೆ 48 ಗಂಟೆ ಎಂಬ ಮಿತಿ ಬಂದದ್ದು 1946ರಲ್ಲಿ. ಸ್ವತಂತ್ರ ಭಾರತದ 1948ರ ಕಾಯ್ದೆ ಅದನ್ನೇ ಉಳಿಸಿಕೊಂಡಿತು.

ಅಲ್ಲಿಂದ ಮುಂದೆ ಗಡಿಯಾರದ ಮುಳ್ಳು ಹಿಂದಕ್ಕೂ ತಿರುಗಿದೆ. 2020ರ ಏಪ್ರಿಲ್ 17ರಂದು, ಲಾಕ್‌ಡೌನ್ ನಡುವೆ, ಗುಜರಾತ್ ಸರ್ಕಾರ ದಿನಕ್ಕೆ 12 ಗಂಟೆ ದುಡಿಸಲು ಅನುಮತಿ ಕೊಟ್ಟಿತು. ಹೆಚ್ಚಿನ ಗಂಟೆಗಳಿಗೆ ದುಪ್ಪಟ್ಟು ಕೂಲಿ ಬೇಡ, ಮಾಮೂಲು ದರ ಸಾಕು ಎಂದಿತು. ಗುಜರಾತ್ ಮಜ್ದೂರ್ ಸಭಾ ಸುಪ್ರೀಂ ಕೋರ್ಟಿಗೆ ಹೋಯಿತು. ಸಾಂಕ್ರಾಮಿಕ ರೋಗವನ್ನು ಕಾಯ್ದೆ ಹೇಳುವ 'ಸಾರ್ವಜನಿಕ ತುರ್ತು' ಎಂದು ಒಪ್ಪದ ನ್ಯಾಯಪೀಠ ಅಕ್ಟೋಬರ್ 1ರಂದು ಆ ಅಧಿಸೂಚನೆಗಳನ್ನು ರದ್ದುಮಾಡಿ, ಓವರ್‌ಟೈಮ್ ಹಣ ಕೊಡಿ ಎಂದಿತು.

ತುರ್ತಿನ ನೆಪ ಹೋದ ಮೇಲೆ ಕಾಯ್ದೆಯನ್ನೇ ತಿದ್ದುವ ದಾರಿ ಉಳಿಯಿತು. ಕರ್ನಾಟಕ 2023ರಲ್ಲಿ, ಗುಜರಾತ್ 2025ರಲ್ಲಿ ದಿನದ ಮಿತಿಯನ್ನು 12 ಗಂಟೆಯವರೆಗೆ ಏರಿಸಲು ಅವಕಾಶ ಮಾಡಿದವು. ವಾರದ 48 ಗಂಟೆ ಹಾಗೇ ಇದೆ: ನಾಲ್ಕು ದಿನ ದುಡಿದು ಮೂರು ದಿನ ರಜೆ ಪಡೆಯಬಹುದು ಎಂಬುದು ಸರ್ಕಾರಗಳ ವಾದ. ದೂರದಿಂದ ಬಂದು ಹೋಗುವವರಿಗೆ, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಇದು ಅನುಕೂಲವೂ ಆಗಬಹುದು, ಆಯ್ಕೆ ಅವರ ಕೈಯಲ್ಲಿದ್ದರೆ. ಅದಕ್ಕೇ ಎರಡೂ ತಿದ್ದುಪಡಿಗಳಲ್ಲಿ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕೆಂಬ ಮಾತಿದೆ.

ಅಂದರೆ ಕೇಳುವವರು ಬದಲಾಗಿದ್ದಾರೆ. 1920ರಲ್ಲಿ ಗಂಟೆ ಇಳಿಸಿ ಎಂದು ಕಾರ್ಮಿಕರು ಕೇಳಿದರು, ಸಂಘವಾಗಿ. ಈಗ ಗಂಟೆ ಏರಿಸಲೇ ಎಂದು ಮಾಲೀಕರು ಕೇಳಬೇಕು, ಒಬ್ಬೊಬ್ಬರನ್ನೇ. ಗುತ್ತಿಗೆಯ ಮೇಲೆ ಸೇರಿದ ಕೆಲಸಗಾರ್ತಿಯ ಮುಂದೆ ಆ ಒಪ್ಪಿಗೆಯ ಕಾಗದ, ನೇಮಕದ ಉಳಿದ ಕಾಗದಗಳ ಕಟ್ಟಿನೊಳಗೇ, ಸಹಿಗೆಂದು ಬರಬಹುದು.