ಗೆರೆ ಎಳೆದು ಕಟ್ಟುವ ವಾದ್ಯ

ಕಂಪ್ಯೂಟರಿನ ತೆರೆಯ ಮೇಲೆ ಪುಟ್ಟ ಪೆಟ್ಟಿಗೆಗಳು. ಒಂದು ನಾದ ಹುಟ್ಟಿಸುತ್ತದೆ, ಇನ್ನೊಂದು ಸೋಸುತ್ತದೆ, ಮತ್ತೊಂದು ಏರಿಳಿಸುತ್ತದೆ. ಅವುಗಳ ನಡುವೆ ನೀವು ಗೆರೆ ಎಳೆದರಾಯಿತು, ಸಿಂಥಸೈಜರ್ ಸಿದ್ಧ.

ಇಂಥ ಒಂದು ತಂತ್ರಾಂಶವನ್ನು 1980ರ ದಶಕದ ನಡುವೆ ಪ್ಯಾರಿಸ್ಸಿನ ಇರ್ಕಾಮ್ ಸಂಸ್ಥೆಯಲ್ಲಿ ರೂಪಿಸಿದವರು ಮಿಲ್ಲರ್ ಪಕೆಟ್. 1957ರಲ್ಲೇ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರನ್ನೇ ಅದಕ್ಕಿಟ್ಟರು: ಮ್ಯಾಕ್ಸ್. ಮೊದಮೊದಲು ಅದು ಬೇರೆ ಯಂತ್ರದ ನಾದವನ್ನು ಆಳುತ್ತಿತ್ತಷ್ಟೆ. 1990ರಲ್ಲಿ ಅಮೆರಿಕದ ಆಪ್‌ಕೋಡ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. 1998ರಲ್ಲಿ ಆ ಕಂಪನಿಯೇ ಗಿಟಾರ್ ತಯಾರಕ ಗಿಬ್ಸನ್ ಪಾಲಾಯಿತು. ಮರುವರ್ಷ ಅದರ ಕೆಲಸ ನಿಂತಿತು. ಸೈಕ್ಲಿಂಗ್ 74 ಎಂಬ ಇನ್ನೊಂದು ಕಂಪನಿ ಕೈಹಿಡಿದದ್ದರಿಂದ ಮ್ಯಾಕ್ಸ್ ಉಳಿಯಿತು.

ಅಷ್ಟರಲ್ಲಿ, 1996ರಲ್ಲಿ, ಪಕೆಟ್ ಪ್ಯೂರ್ ಡೇಟಾ ಹೊರತಂದಿದ್ದರು. ಇದಕ್ಕೆ ಬೆಲೆಯಿಲ್ಲ, ಒಳಗಿನ ಬರಹವೆಲ್ಲ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು.

ಯಾವುದನ್ನು ಆರಿಸೋಣ? ಮ್ಯಾಕ್ಸ್ ನೋಡಲು ಅಚ್ಚುಕಟ್ಟು, ಆದರೆ ದುಡ್ಡು ತೆರಬೇಕು. ಪ್ಯೂರ್ ಡೇಟಾದ ನೋಟ ಒರಟು. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ವರ್ಷಗಟ್ಟಲೆ ಕೂತು ಕಟ್ಟಿದ ವಾದ್ಯ, ಕಂಪನಿ ಮುಚ್ಚಿತೆಂದು ಮೂಕವಾಗಬಾರದಲ್ಲ! ನನ್ನ ಒಲವು ಇದರ ಕಡೆಗೇ.

ಮೊದಲ ದಿನ ಶ್ರುತಿಪೆಟ್ಟಿಗೆ ಮಾಡಿನೋಡಿ. ನಾದದ ಪೆಟ್ಟಿಗೆ ಎರಡು. ಒಂದಕ್ಕೆ 240, ಇನ್ನೊಂದಕ್ಕೆ 360 ಕಂಪನ ಕೊಡಿ, ಷಡ್ಜ ಪಂಚಮ ಕೂಡುತ್ತವೆ. ಸದ್ದನ್ನು ಮಾತ್ರ ಮೊದಲೇ ತಗ್ಗಿಸಿಟ್ಟುಕೊಳ್ಳಿ.