ಖಾಸಗಿ ಆನ್‌ಲೈನ್ ಮಾರಾಟದಲ್ಲಿ ಕಳೆದುಹೋದ ಪಾರ್ಸೆಲ್‌ನ ಹೊಣೆ

ಅಂಗಡಿ ಇಟ್ಟಿಲ್ಲದ ಒಬ್ಬರು ತಮ್ಮ ಹಳೆಯ ವಸ್ತುವನ್ನು ಒಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಅಥವಾ ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಇನ್ನೊಬ್ಬರಿಗೆ ಮಾರಿ, ಅಂಚೆಯಲ್ಲೋ ಕೊರಿಯರ್‌ನಲ್ಲೋ ಕಳಿಸುತ್ತಾರೆ. ಅದು ದಾರಿಯಲ್ಲಿ ಕಾಣೆಯಾದರೆ ನಷ್ಟ ಯಾರ ತಲೆಗೆ? ಕೊಂಡವರು ‘ನನ್ನ ಕೈಗೇ ಬಂದಿಲ್ಲ, ದುಡ್ಡು ವಾಪಸ್ ಕೊಡಿ’ ಎನ್ನುತ್ತಾರೆ. ಮಾರಿದವರು ‘ನಾನು ಕಳಿಸಿಯಾಯಿತು, ನನ್ನ ಕೆಲಸ ಮುಗಿಯಿತು’ ಎನ್ನುತ್ತಾರೆ. ಭಾರತದಲ್ಲಿ ಈ ಜಗಳವನ್ನು ಇವತ್ತಿಗೂ ಬಿಡಿಸುವುದು 1930ರ ಸರಕು ಮಾರಾಟ ಕಾಯ್ದೆ.

ಕಾಯ್ದೆಯ 26ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ವಸ್ತುವಿನ ಮಾಲೀಕತ್ವ ಯಾರದೋ ನಷ್ಟವೂ ಅವರದೇ. ವಸ್ತು ಕೈಗೆ ತಲುಪಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಹಳೆಯ ಫೋನಿನಂಥ ಗೊತ್ತಾದ ಒಂದೇ ವಸ್ತು ಕಳಿಸಲು ಸಿದ್ಧವಿದ್ದರೆ, 20ನೆಯ ಸೆಕ್ಷನ್ ಪ್ರಕಾರ ಮಾತು ಮುಗಿದ ಗಳಿಗೆಯಲ್ಲೇ ಅದರ ಮಾಲೀಕತ್ವ ಕೊಂಡವರಿಗೆ ಸೇರಬಹುದು. ಆಮೇಲೆ 39ನೆಯ ಸೆಕ್ಷನ್ ಬರುತ್ತದೆ: ಕಳಿಸಿಕೊಡಲು ಒಪ್ಪಿಗೆಯಿದ್ದಾಗ ಸಾಗಣೆದಾರರ ಕೈಗೆ ಕೊಟ್ಟರೆ, ಮೇಲ್ನೋಟಕ್ಕೆ ಕೊಂಡವರಿಗೇ ಕೊಟ್ಟಂತೆ. ಬಹಳ ಜನಕ್ಕೆ ಇದು ಅನ್ಯಾಯ ಎನಿಸುತ್ತದೆ. ಯುಪಿಐನಲ್ಲಿ ಪೂರ್ತಿ ಹಣ ಮುಂಚೆಯೇ ಕಳಿಸಿ ವಾರಗಟ್ಟಲೆ ಕಾದವರಿಗೆ ಹಾಗನಿಸುವುದು ಸಹಜವೇ.

ಆದರೆ ಅದೇ 39ನೆಯ ಸೆಕ್ಷನ್ನಿನ ಎರಡನೆಯ ಉಪಭಾಗ ಮಾರಿದವರನ್ನೂ ಸುಮ್ಮನೆ ಬಿಡುವುದಿಲ್ಲ. ವಸ್ತುವಿನ ಸ್ವರೂಪ ಮತ್ತು ಸಂದರ್ಭಕ್ಕೆ ತಕ್ಕ ರೀತಿಯಲ್ಲಿ ಸಾಗಣೆದಾರರೊಡನೆ ಕರಾರು ಮಾಡಿಕೊಳ್ಳುವುದು ಅವರ ಹೊಣೆ. ಅದರಲ್ಲಿ ತಪ್ಪಿ ವಸ್ತು ಕಳೆದರೆ ‘ನೀವು ಕೊರಿಯರ್‌ಗೆ ಕೊಟ್ಟದ್ದು ನನಗೆ ಕೊಟ್ಟಂತಲ್ಲ’ ಎಂದು ಹೇಳುವ ಹಕ್ಕು ಕೊಂಡವರಿಗಿದೆ, ಪರಿಹಾರವನ್ನೂ ಕೇಳಬಹುದು. ಧಾರವಾಡದಿಂದ ಮಂಗಳೂರಿಗೆ 8,000 ರೂಪಾಯಿಯ ಕ್ಯಾಮೆರಾ ಲೆನ್ಸ್ ಹೊರಟಿದೆ ಎಂದಿಟ್ಟುಕೊಳ್ಳಿ. ಗಟ್ಟಿ ಡಬ್ಬ, ಬಬಲ್ ಶೀಟು, ಸರಿಯಾದ ಪಿನ್‌ಕೋಡು, ಟ್ರ್ಯಾಕಿಂಗ್ ಇರುವ ಸೇವೆ ಇಷ್ಟಿದ್ದೂ ಕಳೆದರೆ ನಷ್ಟ ಮಂಗಳೂರಿನವರದು. ಅದೇ ಲೆನ್ಸನ್ನು ನಲವತ್ತು ರೂಪಾಯಿ ಉಳಿಸಲು ಟ್ರ್ಯಾಕಿಂಗ್ ಇಲ್ಲದ ಸಾದಾ ಅಂಚೆಗೆ ಹಾಕಿದ್ದರೆ, ಅಥವಾ ಮನೆ ನಂಬರನ್ನು ತಪ್ಪಾಗಿ ಬರೆದಿದ್ದರೆ, ಧಾರವಾಡದವರು ಹೊಣೆಯಿಂದ ನುಣುಚಿಕೊಳ್ಳುವುದು ಕಷ್ಟ. ಬುಕ್ ಮಾಡುವ ಮುನ್ನ ವಸ್ತು ಅವರ ಮನೆಯಲ್ಲಿದ್ದಷ್ಟು ದಿನವೂ ಅದನ್ನು ಜೋಪಾನ ಮಾಡುವ ಕರ್ತವ್ಯ ಅವರದೇ. ವಿಳಾಸವನ್ನು ಕೊಂಡವರೇ ತಪ್ಪಾಗಿ ಕೊಟ್ಟಿದ್ದರೆ ತಪ್ಪೂ ನಷ್ಟವೂ ಅವರದು.

‘ನಿಮ್ಮ ಮನೆ ಬಾಗಿಲಿಗೆ ತಲುಪುವವರೆಗೆ ನನ್ನ ಜವಾಬ್ದಾರಿ’ ಎಂದು ಮಾರಿದವರು ಚಾಟ್‌ನಲ್ಲಿ ಬರೆದಿದ್ದರೆ ಅದೇ ಒಪ್ಪಂದ. ಮೇಲಿನ ನಿಯಮಗಳು ಹಿಂದೆ ಸರಿಯುತ್ತವೆ. ಹಣ ಪಡೆದೇ ಪಾರ್ಸೆಲ್ ಕೊಡಬೇಕೆಂಬ ಷರತ್ತಿನ ಮೇಲೆ ಕಳಿಸಿದರೆ, 25ನೆಯ ಸೆಕ್ಷನ್ನಿನಂತೆ ಮಾಲೀಕತ್ವವನ್ನು ತಮ್ಮಲ್ಲೇ ಉಳಿಸಿಕೊಂಡಂತಾಗಿ ದಾರಿಯ ಅಪಾಯವೂ ಮಾರಿದವರ ಬಳಿಯೇ ಉಳಿಯಬಹುದು.

ನಿಜವಾದ ತೊಡಕು ಇನ್ನೊಂದು ಕಡೆ ಇದೆ. ನಷ್ಟ ಅನುಭವಿಸುವವರು ಕೊಂಡವರು, ಬುಕಿಂಗ್ ರಸೀದಿ ಇರುವುದು ಮಾರಿದವರ ಕೈಯಲ್ಲಿ. ಸ್ಪೀಡ್ ಪೋಸ್ಟ್ ರಸೀದಿಯನ್ನೇ ನೋಡಿ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’ ಇರುವ ಸಂಖ್ಯೆ, ಅದರ ಜೊತೆಗೆ ಗ್ರಾಂ ಲೆಕ್ಕದ ತೂಕ. ಡಬ್ಬ ಬಂದು ಒಳಗಿನ ವಸ್ತು ಮಾಯವಾಗಿದ್ದರೆ ಆ ತೂಕವೇ ದೊಡ್ಡ ಸಾಕ್ಷಿ. ದೂರು ಕೊಡಲು ಈ ಕಾಗದ ಬೇಕೇ ಬೇಕು. ಆದ್ದರಿಂದ ‘ನನ್ನ ಕೆಲಸ ಮುಗಿಯಿತು’ ಎಂದು ಮಾರಿದವರು ಫೋನ್ ಎತ್ತದೆ ಕೂರುವುದು ಸರಿಯಲ್ಲ; ರಸೀದಿಯ ಫೋಟೋ ಕಳಿಸಿ, ದೂರು ದಾಖಲಿಸಿ, ಬಂದ ಪರಿಹಾರವನ್ನು ಕೊಂಡವರಿಗೆ ದಾಟಿಸುವುದು ಕನಿಷ್ಠ ಮರ್ಯಾದೆ. ಜರ್ಮನಿಯ ನಾಗರಿಕ ಸಂಹಿತೆಯ 447ನೆಯ ಕಲಂ ಕೂಡ ಖಾಸಗಿ ಮಾರಾಟದಲ್ಲಿ ದಾರಿಯ ಅಪಾಯವನ್ನು ಕೊಂಡವರ ಮೇಲೆಯೇ ಹೊರಿಸುತ್ತದೆ. ಆದರೆ ಕೊಂಡವರ ನಷ್ಟವನ್ನು ಮಾರಿದವರು ಸಾಗಣೆದಾರರಿಂದ ವಸೂಲು ಮಾಡಬಹುದು, ಆ ಹಕ್ಕನ್ನು ಕೊಂಡವರಿಗೆ ಬಿಟ್ಟುಕೊಡಬೇಕು ಎಂಬ ತತ್ವವನ್ನು ಅಲ್ಲಿನ ನ್ಯಾಯಶಾಸ್ತ್ರ ಬೆಳೆಸಿಕೊಂಡಿದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಕೈಗೆ ತಲುಪುವವರೆಗೂ ಹೊಣೆ ಮಾರಿದವರದೇ ಎನ್ನುತ್ತದೆ, ಆದರೆ ವ್ಯಾಪಾರಿಗಳಿಗೆ ಮಾತ್ರ.

ಭಾರತದಲ್ಲೂ ಹಾಗೆಯೇ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು, ವೃತ್ತಿಯಾಗಿ ಅಲ್ಲದೆ ವೈಯಕ್ತಿಕವಾಗಿ ಎಂದೋ ಒಮ್ಮೆ ಮಾರುವವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಅಂಥವರ ವಿರುದ್ಧ ಗ್ರಾಹಕ ಆಯೋಗದ ದಾರಿ ಕಿರಿದು. ಕೊರಿಯರ್ ಸಂಸ್ಥೆಯ ವಿರುದ್ಧ ಮಾತ್ರ ಆ ದಾರಿ ತೆರೆದಿದೆ. ಸ್ವಂತ ವಸ್ತು ಕಳಿಸಿ ಸಾಗಣೆಗೆ ಹಣ ತೆತ್ತವರು ಆ ಸೇವೆಯ ಗ್ರಾಹಕರೇ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಸಹಾಯವಾಣಿ 1915. ಪಾರ್ಸೆಲ್ ಕಳಿಸದೆಯೇ ಸುಳ್ಳು ಟ್ರ್ಯಾಕಿಂಗ್ ನಂಬರ್ ಕೊಟ್ಟಿದ್ದರೆ ಅದು ಕಳೆದುಹೋದ ಪಾರ್ಸೆಲ್ಲೇ ಅಲ್ಲ, ವಂಚನೆ. ತಕ್ಷಣ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಸಾಗಣೆದಾರರಿಂದ ಸಿಗುವ ಹಣ ಹೆಚ್ಚಾಗಿ ವಸ್ತುವಿನ ಬೆಲೆಯ ಹತ್ತಿರವೂ ಬರುವುದಿಲ್ಲ. 2024ರ ಜೂನ್ 18ರಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಕಾಯ್ದೆ, 1898ರ ಹಳೆಯ ಕಾಯ್ದೆಯಂತೆಯೇ, ನಿಯಮಗಳಲ್ಲಿ ಹೇಳಿದ್ದನ್ನು ಬಿಟ್ಟು ಮಿಕ್ಕ ಹೊಣೆಯಿಂದ ಅಂಚೆಗೆ ವಿನಾಯಿತಿ ಕೊಟ್ಟಿದೆ. ಖಾಸಗಿ ಕೊರಿಯರ್ ರಸೀದಿಯ ಹಿಂದಿನ ಸಣ್ಣ ಅಕ್ಷರಗಳಲ್ಲಿ ಪರಿಹಾರದ ಮಿತಿ ಇರುತ್ತದೆ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಸಹಿ ಹಾಕಿದ ರಸೀದಿಯಲ್ಲಿದ್ದ 100 ಡಾಲರ್ ಮಿತಿಯನ್ನು ಎತ್ತಿಹಿಡಿಯಿತು. ಬೆಲೆಬಾಳುವ ವಸ್ತುವಾದರೆ ಬುಕಿಂಗ್ ವೇಳೆ ಅದರ ಮೌಲ್ಯ ಬರೆಸಿ ವಿಮೆ ಮಾಡಿಸುವುದೊಂದೇ ಭದ್ರವಾದ ಉಪಾಯ. ಆ ಖರ್ಚನ್ನು ಯಾರು ಕೊಡಬೇಕೆಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಕ್ಷೇಮ. ಲಾರಿ ಸರ್ವಿಸ್‌ನಲ್ಲಿ ಹಾಕಿದ ಸರಕಿಗೆ 2007ರ ರಸ್ತೆ ಸಾಗಣೆ ಕಾಯ್ದೆ ಅನ್ವಯ. ದಾವೆ ಹೂಡುವ ಮುನ್ನ ಲಿಖಿತ ನೋಟಿಸ್ ಕೊಡಬೇಕು; ಅದಕ್ಕೆ ಇರುವುದು 180 ದಿನ, ಆ ದಿನಗಳ ಎಣಿಕೆ ಶುರುವಾಗುವುದು ಪಾರ್ಸೆಲ್ ಬುಕ್ ಮಾಡಿದ ದಿನದಿಂದಲೇ.